ಅಜ್ಜನ ಜೋಡುನಳಿಗೆ ಕೊಟ್ಟು ಪಂಪ್ ಆಕ್ಷನ್ ತಗೊಳ್ಳೋದಾ?

ಕೊಪ್ಪದ ಗೆಳೆಯರು ಕೇಳಿದ್ದು ಇದು: ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿ ಮನೆಯಲ್ಲಿದೆ. ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅದನ್ನು ಕೊಟ್ಟು ಹೊಸ ಪಂಪ್ ಆಕ್ಷನ್ (ನಳಿಗೆಯ ಅಡಿಯ ಕೊಳವೆಯಲ್ಲಿ ತೋಟಾ ತುಂಬಿ, ಮುಂದಿನ ಹಿಡಿ ಹಿಂದೆ ಮುಂದೆ ಎಳೆಯುವ ಒಂಟಿನಳಿಗೆ ಕೋವಿ) ತಗೊಳ್ಳೋಣ ಅಂತಾನೆ ತಮ್ಮ. ತೋಟಕ್ಕೆ ಯಾವುದು ಸರಿ?

ಮೊದಲು ಒಂದು ಮಾತು. ಕೋವಿ ಇನ್ನೂ ಮನೆಯಲ್ಲೇ ಇದ್ದರೆ ನಾಳೆಯೇ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಡಿಪಾಸಿಟ್ ಮಾಡಿ ರಸೀದಿ ತಗೊಳ್ಳಿ. ಲೈಸೆನ್ಸ್ ಅಪ್ಪನ ಹೆಸರಿಗೆ, ಅದು ಆಸ್ತಿಯ ಹಾಗೆ ತಾನಾಗೇ ನಿಮಗೆ ಬರುವುದಿಲ್ಲ. ವಾರಸುದಾರರಾಗಿ ಡಿಸಿ ಕಚೇರಿಗೆ ಅರ್ಜಿ ಹಾಕಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ. ಉಳಿದವರೂ ಗಮನಿಸಿ: ಮನೆಯ ಹಿರಿಯರಿಗೆ 70 ತುಂಬಿದ್ದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ಆಗ ಈ ಓಡಾಟ ಎಷ್ಟೋ ಕಡಿಮೆ.

ಈಗ ನಿಮ್ಮ ಪ್ರಶ್ನೆ. ನಾನಾದರೆ ಜೋಡುನಳಿಗೆಯನ್ನು ಕೊಡುವುದಿಲ್ಲ. ಅಜ್ಜನ ನೆನಪು ಅಂತ ಅಲ್ಲ. ಆ ಕೋವಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಅದಕ್ಕೆ.

ನಮ್ಮ ದಾಯಾದಿಯೊಬ್ಬರ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಪಂಪ್ ಕೋವಿ. ತೋಟದಿಂದ ಬಂದವರು ಜಗಲಿಯಲ್ಲಿ ಕೂತು ತೋಟಾ ಹೊರಗೆ ತೆಗೆದರು. ಒಂದು, ಎರಡು, ಮೂರು. ಖಾಲಿ ಅಂದುಕೊಂಡರು. ನಾಲ್ಕನೆಯದು ನಳಿಗೆಯೊಳಗೇ ಕೂತಿತ್ತು. ಟ್ರಿಗರ್ ಒತ್ತಿದ್ದೇ ಕೊಟ್ಟಿಗೆಯ ಐದಾರು ಹೆಂಚು ಪುಡಿಪುಡಿ. ಅಡಿಯಲ್ಲಿ ಹಾಲು ಕರೆಯುತ್ತಿದ್ದ ಅತ್ತಿಗೆ ತಲೆ ತುಂಬಾ ಹೆಂಚಿನ ಚೂರು ಹೊತ್ತುಕೊಂಡು ಎದ್ದು ಬಂದರು. ಅವರಿಗೆ ಏನೂ ಆಗಲಿಲ್ಲ, ಪುಣ್ಯ. ಎಮ್ಮೆ ಮಾತ್ರ ಎರಡು ದಿನ ಸೊರ ಬಿಡಲಿಲ್ಲ. ತಪ್ಪು ಕೋವಿಯದ್ದಲ್ಲ, ಒಪ್ಪುತ್ತೇನೆ. ಆದರೆ ಜೋಡುನಳಿಗೆಯನ್ನು ಮಡಚಿದರೆ ಎರಡು ತೂತು ಎದುರಿಗೇ ಕಾಣುತ್ತವೆ. ಆಚೆ ಕಡೆಯ ಬೆಳಕು ಕಂಡರೆ ಖಾಲಿ. ಎದುರು ನಿಂತ ಆಳಿಗೂ ಅದು ಗೊತ್ತಾಗುತ್ತದೆ. ಬೇಲಿ ದಾಟುವಾಗ, ಸಂಕ ದಾಟುವಾಗ ಮಡಚಿ ತೋಳಿನ ಮೇಲೆ ಹಾಕಿಕೊಂಡರೆ ಆಯ್ತು.

ಎರಡು ಟ್ರಿಗರ್ ಇರುವುದೂ ಸುಮ್ನೆ ಅಲ್ಲ. ಸಾಮಾನ್ಯವಾಗಿ ಮುಂದಿನದು ಬಲ ನಳಿಗೆಗೆ, ಅದರಲ್ಲಿ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಬೇಗ ಹರಡುತ್ತದೆ. ಹಿಂದಿನದು ಎಡ ನಳಿಗೆಗೆ, ಅದರ ಬಾಯಿ ಸ್ವಲ್ಪ ಬಿಗಿ, ಚರೆ ಒತ್ತಾಗಿ ಹೋಗುತ್ತದೆ. ಯಾವುದು ಬೇಕೋ ಅದನ್ನು ಬೆರಳೇ ಆರಿಸುತ್ತದೆ.

ರೈಫಲ್ ತಗೊಳ್ಳಿ ಅಂತ ಇನ್ನೊಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ. .315 ರೈಫಲಿನ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ನಮ್ಮ ತೋಟಗಳಲ್ಲಿ ಆಚೆ ದಿಬ್ಬದ ಮೇಲೆ ಯಾರದ್ದೋ ಮನೆ, ಕೆಳಗೆ ಆಳುಗಳ ಲೈನು ಮನೆ, ಅಲ್ವಾ?

ಆದರೆ ಹಳೇ ಕೋವಿ ಅಂತ ಕಣ್ಣು ಮುಚ್ಚಿ ಈಡು ಹಾರಿಸಬೇಡಿ. ನಳಿಗೆ ಕಳಚಿ ಅಡಿಭಾಗದ ಚಪ್ಪಟೆ ಜಾಗ ನೋಡಿ. ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ ಕೋವಿ ಪರೀಕ್ಷಾ ಮನೆಯ ಮುದ್ರೆ ಇರುತ್ತದೆ. 'ನೈಟ್ರೋ ಪ್ರೂಫ್' ಅಂತ ಇದ್ದರೆ ಈಗಿನ ತೋಟಾದಲ್ಲಿರುವ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಅಂತ ಅರ್ಥ. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೊಸೆದು ಮಾಡಿದ್ದು. ಹೆಚ್ಚಿನವು ಕರಿಮದ್ದಿನ ಕಾಲದವು. ಅದಕ್ಕೆ ಈಗಿನ ತೋಟಾ ಹಾಕಲೇಬೇಡಿ, ಗೋಡೆಗೆ ಚಂದ.

ಇನ್ನೊಂದು ಮೋಸ ತೋಟಾದ ಉದ್ದದ್ದು. ಹಳೇ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡು ಹೆಚ್ಚಾಗಿ 65 ಮಿ.ಮೀ., ಈಗ ಸಿಗುವ ತೋಟಾ ಹೆಚ್ಚಾಗಿ 70 ಮಿ.ಮೀ. ಆ 70 ಅನ್ನುವುದು ಹಾರಿ ಬಾಯಿ ಬಿಚ್ಚಿದ ಮೇಲಿನ ಅಳತೆ. ಹಾರಿಸುವ ಮುಂಚೆ ಮಡಚಿದ ಬಾಯಿಂದಾಗಿ ಗಿಡ್ಡ ಇರುತ್ತದೆ, ಗೂಡಿನೊಳಗೆ ಸಲೀಸಾಗಿ ಕೂರುತ್ತದೆ. 'ಕೂತಿತಲ್ಲ, ಸರಿ ಇದೆ' ಅಂದುಕೊಳ್ಳುತ್ತೇವೆ. ಹಾರಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಹಾಗಾಗಿ ಗೂಡನ್ನು ಗೇಜು ಹಾಕಿಸಿಯೇ ನೋಡಿ. ಅದಕ್ಕೆ ಮುಂಚೆ ಕಳಚಿದ ನಳಿಗೆಯನ್ನು ದಾರದಲ್ಲಿ ತೂಗಿ ಬೆರಳಿನ ಗೆಣ್ಣಿನಿಂದ ತಟ್ಟಿ. ದೇವಸ್ಥಾನದ ಗಂಟೆಯ ಹಾಗೆ ನಾದ ಎಳೆದರೆ ಒಳ್ಳೆಯದು. ಒಡಕು ಮಡಕೆಯ ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿರುವ ಸಾಧ್ಯತೆ ಜಾಸ್ತಿ.

ಎಣ್ಣೆ ವಿಷಯದಲ್ಲಿ ನಮ್ಮ ಅಪ್ಪನದ್ದೇ ತಪ್ಪು. ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯ ಎಣ್ಣೆ ಹೇಗೆ ಗಟ್ಟಿಯಾಗುತ್ತದೋ ಹಾಗೇ ಕೋವಿಯ ಒಳಗೂ ಆಗಿತ್ತು, ಕುದುರೆ (ತೋಟಾ ಸಿಡಿಸಲು ಬಡಿಯುವ ಕೀಲು) ಎಳೆದರೆ ಬಾಡಿದ ಬಾಳೆಕಾಯಿ ಮುರಿದ ಹಾಗೆ. ಗನ್ ಆಯಿಲ್ಲೇ ಹಾಕಿ, ಅದೂ ತೆಳ್ಳಗೆ. ಹಿಡಿಯ ಮರಕ್ಕೆ ಅಗಸೆ ಎಣ್ಣೆ ಸಾಕು. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ, ಥಂಡಿ ಹಿಡಿದು ತುಕ್ಕು ಏಳುತ್ತದೆ. ಚುನಾವಣೆ ಬಂದು ಕೋವಿ ಒಪ್ಪಿಸಬೇಕಾದಾಗಲೂ ಅಷ್ಟೇ. ಡಿಪಾಸಿಟ್ ಇಡುವ ಮುಂಚೆ ಒಳಗೆ ಹೊರಗೆ ಎಣ್ಣೆ ಸವರಿ ಕೊಡಿ. ಹೋದ ಸಲ ನಾನು ಮರೆತು, ವಾಪಸ್ ಬಂದ ಕೋವಿಯ ಮೇಲೆ ಯಾರದ್ದೋ ಐದು ಬೆರಳು ಹಾಗೇ ತುಕ್ಕಿನಲ್ಲಿ ಅಚ್ಚಾಗಿತ್ತು.

ಕೊಡಗಿನ ನೆಂಟರಿಗೆ ಲೈಸೆನ್ಸೇ ಬೇಡವಂತೆ, ನಮಗ್ಯಾಕೆ ಅಂತ ಕೇಳಿದವರಿಗೆ: ಅದು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ. 2019ರಲ್ಲಿ ಮುಂದುವರಿಸಿದ್ದು, 2029ರ ಅಕ್ಟೋಬರ್ ತನಕ ಇದೆ. ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿದಿದೆ. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೋಳ್ದ್ ದಿನ ಕೋವಿಗೆ ತೋಕ್‌ಪೂ (ಕೋವಿ ಹೂ) ಮುಡಿಸಿ ಪೂಜೆ. ನಮ್ಮ ಮಲೆನಾಡಿನ ಕತೆ ಬೇರೆ, ಇಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೂ ಲೈಸೆನ್ಸ್ ಬೇಕು. ಶಿಕಾರಿ ಅಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಮುಗಿದ ಮಾತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದು ಅಂತ ಅಲ್ಲ. ಬೆದರಿಸಲು ಒಂದು ಈಡು, ಅಷ್ಟೇ. ಅಷ್ಟಕ್ಕೆ ಎರಡು ತೋಟಾ ಹಿಡಿಯುವ ಕೋವಿ ಸಾಲದೇ? ತಮ್ಮನನ್ನೇ ಕೇಳಿ.

ನಳಿಗೆಯ ಅಡಿಭಾಗದ ಮುದ್ರೆಗಳ ಫೋಟೋ ಹಾಕಿ, ಗೊತ್ತಿದ್ದಷ್ಟು ಓದಿ ಹೇಳುತ್ತೇನೆ. ಕೋವಿಯ ನಂಬರ್ ಮಾತ್ರ ಕಾಣದ ಹಾಗೆ ಬೆರಳು ಇಟ್ಟು ಫೋಟೋ ತೆಗೆಯಿರಿ.