ಓದುಗರ ಪ್ರಶ್ನೆ, ನಮ್ಮ ಉತ್ತರ: ಪೆಡಲ್ ಸ್ಟೀಲ್ ಮೇಲೆ ಬೀಬಾಪ್ ಓಟ

ಪೆಡಲ್ ಸ್ಟೀಲ್ ಎಂದರೆ ಮಲಗಿಸಿಟ್ಟು ನುಡಿಸುವ ಗಿಟಾರ್: ಎಡಗೈ ಬಾರ್ ಎಂಬ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜರುಗಿಸುತ್ತದೆ, ಬಲಗೈ ಬೆರಳಿಗೆ ತೊಟ್ಟ ಪಿಕ್‌ಗಳಿಂದ ಮೀಟುತ್ತದೆ, ಕಾಲಿನ ಪೆಡಲ್‌ಗಳು ಮತ್ತು ಮೊಣಕಾಲಿನ ಲಿವರ್‌ಗಳು ತಂತಿಗಳ ಸ್ವರವನ್ನು ಏರಿಸಿ ಇಳಿಸುತ್ತವೆ. ಬೀಬಾಪ್ ಎಂದರೆ ಸ್ವರಗಳು ವೇಗವಾಗಿ ಓಡುವ ಜಾಜ್ ಶೈಲಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಇ9 ಶ್ರುತಿಯ ಹತ್ತು ತಂತಿಯ ಪೆಡಲ್ ಸ್ಟೀಲ್ ಒಂದೇ. ಬೀಬಾಪ್ ನುಡಿಸಬೇಕಾದರೆ ಸಿ6 ನೆಕ್ (ಬೇರೆ ಶ್ರುತಿಯ ಇನ್ನೊಂದು ತಂತಿ ಸಾಲು) ಬೇಕೇ ಬೇಕು ಅನ್ನುತ್ತಾರೆ. ನಿಜವೇ? ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ನಿಮಿಷಕ್ಕೆ 160 ಬೀಟ್ ದಾಟಿದರೆ ನನ್ನ ಬಾರ್ ಹಿಂದೆ ಬೀಳುತ್ತದೆ.
– ಓದುಗರೊಬ್ಬರು, ಜಯನಗರ

ಬೇಕಿಲ್ಲ. ಜಾಜ್ ಕಾರ್ಡುಗಳಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಿ6 ಸಲೀಸು, ಒಪ್ಪೋಣ. ಆದರೆ ಸ್ವರಗಳನ್ನು ಒಂದರ ಹಿಂದೊಂದು ಬಿಡಿಬಿಡಿಯಾಗಿ ಓಡಿಸುವುದಕ್ಕೆ ಇ9 ಏನೂ ಕಡಿಮೆಯಲ್ಲ. ನಿಮ್ಮ ತೊಂದರೆಗೆ ಕಾರಣ ಬಾರಿನಿಂದ ಜಾಸ್ತಿ ಕೆಲಸ ಮಾಡಿಸುತ್ತಿರುವುದು. 24 ಇಂಚಿನ ಸ್ಕೇಲಿನಲ್ಲಿ (ಮಿಡಿಯುವ ತಂತಿಯ ಉದ್ದ) ನಟ್‌ನಿಂದ (ತಂತಿ ಶುರುವಾಗುವ ಕಡೆ) ಒಂದನೇ ಫ್ರೆಟ್‌ಗೆ (ಸ್ವರದ ಜಾಗ ತೋರಿಸುವ ಗೆರೆ) ಸುಮಾರು 34 ಮಿ.ಮೀ., 12ರಿಂದ 13ಕ್ಕೆ 17 ಮಿ.ಮೀ. ದೂರ. ಮೆಟ್ರೊನೋಮ್ 240ರಲ್ಲಿದ್ದು ಬೀಟಿಗೆ ಎರಡು ಸ್ವರ ಬಂದರೆ, ಒಂದು ಸ್ವರಕ್ಕೆ ಸಿಗುವುದು ಸೆಕೆಂಡಿನ ಎಂಟನೇ ಒಂದು ಭಾಗ. ಅಷ್ಟರಲ್ಲಿ ಕಾಲು ಕಿಲೋ ಹತ್ತಿರದ ಉಕ್ಕನ್ನು ಜರುಗಿಸಿ ಗೆರೆಯ ಮೇಲೆ ಕರಾರುವಾಕ್ಕಾಗಿ ನಿಲ್ಲಿಸುವುದು ಎಂಥ ಕೈಗೂ ಕಷ್ಟ. ಹಾಗಾಗಿ ಬಾರ್ ನಿಂತಲ್ಲೇ ಇರುವಂಥ ದಾರಿ ಹುಡುಕಬೇಕು.

ಡಿ ಮೈನರ್ 7, ಜಿ7, ಸಿ ಎಂಬ ಕಾರ್ಡ್ ಸಾಲನ್ನೇ ತೆಗೆದುಕೊಳ್ಳಿ. ಬಾರನ್ನು 3ನೇ ಫ್ರೆಟ್‌ನಲ್ಲಿಟ್ಟು ಒಂದನೇ, ಎರಡನೇ ಪೆಡಲ್ ಎರಡನ್ನೂ ಒತ್ತಿ. ಡಿ ಮೈನರ್‌ನ ಕೊನೆಯ ಎರಡು ಬೀಟಿಗೆ 9, 7, 6, 5ನೇ ತಂತಿಗಳನ್ನು ಮೀಟಿದರೆ ಎಫ್, ಎ, ಸಿ, ಇ ಬರುತ್ತವೆ. ಜಿ7 ಶುರುವಾದಾಗ 4ನೇ ತಂತಿಯಲ್ಲಿ ಜಿ, 2ನೇ ತಂತಿಯಲ್ಲಿ ಎಫ್ ಶಾರ್ಪ್. ಅದೇ ತಂತಿಯನ್ನು ಮೊಣಕಾಲಿನ ಲಿವರ್‌ನಿಂದ ಅರ್ಧ ಸ್ವರ ಇಳಿಸಿ ಮೀಟಿದರೆ ಎಫ್. 5ನೇ ತಂತಿ ಇ. ಈಗ ಒಂದನೇ ಪೆಡಲ್ ಮಾತ್ರ ಬಿಟ್ಟು ಅದೇ ತಂತಿಯಲ್ಲಿ ಡಿ. 6ನೇ ತಂತಿ ಸಿ. ಎರಡನೇ ಪೆಡಲ್ಲನ್ನೂ ಬಿಟ್ಟರೆ ಅಲ್ಲೇ ಬಿ. 7ನೇ ತಂತಿ ಎ. ಸಿ ಕಾರ್ಡಿನ ಮೊದಲ ಬೀಟಿಗೆ 8ನೇ ತಂತಿಯ ಜಿ. ಹದಿಮೂರು ಸ್ವರ ಬಂದವು, ಬಾರ್ ಒಂದು ಕೂದಲೆಳೆಯೂ ಕದಲಲಿಲ್ಲ. ಎಡಗಾಲು ಮೊದಲು ಒಂದನೇ ಪೆಡಲ್‌ನಿಂದ, ಆಮೇಲೆ ಎರಡನೆಯದರಿಂದ ಹೊರಳಿ ಏಳುತ್ತದೆ, ಅಷ್ಟೇ. ನಿಮ್ಮ ವಾದ್ಯದಲ್ಲಿ ಪೆಡಲ್‌ಗಳ ಕ್ರಮ ತಿರುಗಿದ್ದರೆ ಕಾಲನ್ನು ಆಚೆ ಬದಿಗೆ ಹೊರಳಿಸಿ.

ಜಿ7ನ ಸ್ವರಗಳಾದ ಜಿ, ಎಫ್, ಡಿ, ಬಿ ನಾಲ್ಕೂ ಬೀಟಿನ ಮೇಲೇ ಬಿದ್ದಿರುವುದನ್ನು ಗಮನಿಸಿ. ಏಳು ಸ್ವರದ ಸಾಲಿಗೆ ಎಫ್ ಶಾರ್ಪ್ ಸೇರಿಸಿ ಎಂಟು ಮಾಡುವುದೇ ಇದಕ್ಕಾಗಿ. ಆ ಎಫ್ ಶಾರ್ಪ್ ಕೊಡುವ 2ನೇ ತಂತಿಯನ್ನು ಇ9ಗೆ ಸೇರಿಸಿದವರು ಅಮೆರಿಕದ ಪೆಡಲ್ ಸ್ಟೀಲ್ ವಾದಕ ಬಡ್ಡಿ ಎಮ್ಮನ್ಸ್; 1963ರಲ್ಲೇ ಪೆಡಲ್ ಸ್ಟೀಲ್ ಮುಂದಿಟ್ಟುಕೊಂಡು ಪೂರ್ತಿ ಜಾಜ್ ಆಲ್ಬಮ್ ಮಾಡಿದವರೂ ಅವರೇ.

ಕೆಡುವುದು ಎರಡು ಕಡೆ. 2ನೇ ತಂತಿಯ ಲಿವರ್‌ಗೆ ನಡುವೆ ಒಂದು ತಡೆ ಇರುತ್ತದೆ. ಅದು ಸಡಿಲವಾಗಿದ್ದರೆ ಮೊಣಕಾಲು ಪೂರ್ತಿ ಹೋಗಿ ಎಫ್ ಬದಲು ಇ ಬಂದುಬಿಡುತ್ತದೆ. ತಡೆಯ ಸ್ಪ್ರಿಂಗ್ ಬಿಗಿ ಮಾಡಿ. ಇನ್ನೊಂದು, 3 ಮತ್ತು 6ನೇ ತಂತಿಗಳನ್ನು ಕಿವಿಗೆ ಹಿತವಾಗಲೆಂದು ಸ್ವಲ್ಪ ಇಳಿಸಿ ಶ್ರುತಿ ಮಾಡುವ ರೂಢಿ. ಕಾರ್ಡಿಗೆ ಅದು ಚೆನ್ನ. ಪಿಯಾನೊ ಜೊತೆ ಒಂಟಿ ಸ್ವರ ನುಡಿಸುವಾಗ ಮಾತ್ರ ಮೇಲಿನ ಬಿ ಸ್ವರ ಕುಗ್ಗಿ ಕೇಳುತ್ತದೆ, ಆ ತಂತಿಗಳನ್ನು ಟ್ಯೂನರ್‌ನ ಸೊನ್ನೆಯ ಹತ್ತಿರಕ್ಕೆ ತನ್ನಿ.

ಪ್ರಶ್ನೆ: ಚಿತ್ರವೀಣೆ ನುಡಿಸುತ್ತೇನೆ, ಈಗ ಪೆಡಲ್ ಸ್ಟೀಲ್ ಹಿಡಿದಿದ್ದೇನೆ. ವೇಗ ಹೆಚ್ಚಾದರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಂತಿಯನ್ನು ಅಂಗೈಯಿಂದ ತಡೆಯಬೇಕೋ, ಪಿಕ್‌ನಿಂದಲೋ?
– ಓದುಗರೊಬ್ಬರು, ಬಸವನಗುಡಿ

ಎರಡೂ ಬರಬೇಕು, ಆದರೆ ಬೀಬಾಪ್ ವೇಗಕ್ಕೆ ಪಿಕ್. ಅಂಗೈ ಅಂಚು ಎಲ್ಲ ತಂತಿಗಳನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಸ್ವರ ಸ್ವರಕ್ಕೂ ಅದನ್ನು ಎತ್ತಿ ಇಳಿಸುತ್ತ ಕೂತರೆ ಮುಂಗೈ ಬೇಗ ಸೋಲುತ್ತದೆ. ಪಿಕ್‌ನಿಂದ ತಡೆಯುವಾಗ ಈಗ ತಾನೇ ಮೀಟಿದ ಬೆರಳು ತನ್ನ ತಂತಿಗೇ ಮರಳಿ ಕೂರುತ್ತದೆ, ಅದೇ ಗಳಿಗೆಯಲ್ಲಿ ಇನ್ನೊಂದು ಬೆರಳು ಮುಂದಿನ ತಂತಿಯನ್ನು ಮೀಟುತ್ತದೆ. ಒಂದೇ ತಂತಿಯಲ್ಲಿ ಎರಡು ಸ್ವರ ಬಂದಾಗ, ಎರಡನೇ ಬೆರಳು ತಂತಿಗೆ ತಗುಲಿದ ಕೂಡಲೇ ಮೊದಲ ಸ್ವರ ನಿಲ್ಲುತ್ತದೆ. ಪೆಡಲ್ ಬಿಡುವುದು, ಬಾರ್ ಜರುಗಿಸುವುದು ಏನಿದ್ದರೂ ಆ ಮೌನದಲ್ಲೇ ಆಗಬೇಕು. ಒಂದಿಷ್ಟು ಮೊದಲೇ ಆದರೆ ಜಾರು ಕೇಳಿಸುತ್ತದೆ.

ಇದಕ್ಕೆ ನಿಮಗೆ ಬರುವ ಜಂಟಿ ವರಸೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಸಸ ರಿರಿ ಗಗ ಮಮ: ಮೊದಲ ಸ್ವರ ಹೆಬ್ಬೆರಳಿನಲ್ಲಿ, ಎರಡನೆಯದು ತೋರುಬೆರಳಿನಲ್ಲಿ. ಗಮಕ ಬೇಡವೇ ಬೇಡ. ಪ್ರತಿ ಸ್ವರವೂ ಅರ್ಧ ಕಾಲ ನಾದ, ಅರ್ಧ ಕಾಲ ಮೌನ ಇರಲಿ. ತಂತಿ ಹಾರಿ ಮೀಟುವುದಕ್ಕೆ ದಾಟು ವರಸೆ. ಪಿಕ್ ತಗುಲಿದಾಗ ಝುಂಯ್ ಎಂದರೆ ಅದು ಅಂಜಿಕೊಂಡು, ಮೆಲ್ಲಗೆ ಕೂರುತ್ತಿದೆ ಎಂದರ್ಥ. ಪಿಕ್ಕಿನ ತುದಿಯನ್ನು ಬೆರಳಿನ ದುಂಡಿಗೆ ಸರಿಯಾಗಿ ಬಾಗಿಸಿ, ತಂತಿಯ ಮೇಲೆ ಗಟ್ಟಿಯಾಗಿ ಇಳಿಸಿ.

ಪ್ರಶ್ನೆ: ಹಗುರವಾದ ಬಾರನ್ನು ಇಲ್ಲೇ ಮಾಡಿಸಬಹುದೇ?
– ಓದುಗರೊಬ್ಬರು, ರಾಜಾಜಿನಗರ

ಧಾರಾಳವಾಗಿ. ಪೀಣ್ಯದಲ್ಲಿ ಲೇತ್ ಕೆಲಸದವರಿಗೆ ಅಳತೆ ಬರೆದುಕೊಡಿ. ಸಾಮಾನ್ಯ ಬಾರ್ 22 ಮಿ.ಮೀ. ದಪ್ಪ, 82 ಮಿ.ಮೀ. ಉದ್ದ ಇರುತ್ತದೆ. 19 ಮಿ.ಮೀ. ದಪ್ಪ, 76 ಮಿ.ಮೀ. ಉದ್ದಕ್ಕೆ ಇಳಿಸಿದರೆ ತೂಕ ಸುಮಾರು 170 ಗ್ರಾಂ. ಒಂದು ತುದಿ ದುಂಡಗೆ, ಇನ್ನೊಂದು ತುದಿಯಲ್ಲಿ ಹೆಬ್ಬೆರಳು ಕೂರುವಷ್ಟು ಸಣ್ಣ ಗುಳಿ. ಇಎನ್-31 ಉಕ್ಕಿನಲ್ಲಿ ಮಾಡಿಸಿ ಹಾರ್ಡನಿಂಗ್ ಮಾಡಿಸಿದರೆ ಸುತ್ತು ತಂತಿಗಳು ಗೀರು ಬೀಳಿಸುವುದಿಲ್ಲ, ಆದರೆ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ. ಬಫಿಂಗ್ ಮಾತ್ರ ಕನ್ನಡಿಯಂತಾಗಬೇಕು, ಲೇತ್ ಗೆರೆ ಉಳಿದರೆ ಕರಕರ ಸದ್ದು ಬರುತ್ತದೆ. ಬಾರ್ ಹಗುರಾದಷ್ಟೂ ನಾದ ಬೇಗ ಆರುತ್ತದೆ. ನಿಧಾನದ ಹಾಡಿಗೆ ಹಳೆಯ ಬಾರೇ ಇರಲಿ.

ಪ್ರಶ್ನೆ: ಎಷ್ಟು ವೇಗದಿಂದ ಶುರು ಮಾಡಲಿ?
– ಓದುಗರೊಬ್ಬರು, ಯಲಹಂಕ

ಬೀಟಿಗೆ ಎರಡು ಸ್ವರದಂತೆ 80ರಿಂದ. ರಿವರ್ಬ್ (ಆಂಪ್ಲಿಫೈಯರ್ ಸೇರಿಸುವ ಪ್ರತಿಧ್ವನಿ) ಪೂರ್ತಿ ಆಫ್ ಇರಲಿ, ಅದು ಅಂಟಿಕೊಂಡ ಸ್ವರಗಳನ್ನು ಮುಚ್ಚಿಹಾಕುತ್ತದೆ. ವಾಲ್ಯೂಮ್ ಪೆಡಲ್ ಒಂದೇ ಕಡೆ ನಿಲ್ಲಲಿ. ತಪ್ಪಿಲ್ಲದೆ ಬಂದ ಮೇಲೆ ನಾಲ್ಕು ನಾಲ್ಕರಂತೆ ಏರಿಸಿ. 120 ದಾಟಿದ ಮೇಲೆ ಮೆಟ್ರೊನೋಮನ್ನು ಅರ್ಧಕ್ಕೆ ಇಳಿಸಿ, ಅದರ ಟಿಕ್ ಅನ್ನು ಎರಡು ಮತ್ತು ನಾಲ್ಕನೇ ಬೀಟ್ ಎಂದು ಎಣಿಸಿಕೊಂಡು ನುಡಿಸಿ.