ಇಲಿಗೆ ಬೆಳಗ್ಗೆ ಹತ್ತು ಅಂದ್ರೆ ಮಲಗೋ ಹೊತ್ತು

ನಮಸ್ಕಾರ.

ಆಂಫೆಟಮೈನ್, ಕೊಕೇನ್‌ನಂಥ ಉತ್ತೇಜಕ ಡ್ರಗ್ ಕೊಟ್ಟಾಗ ಹೆಣ್ಣಿಲಿ ಗಂಡಿಲಿಗಿಂತ ಜಾಸ್ತಿ ಓಡಾಡುತ್ತದೆ, ಹಗಲಿಗೂ ರಾತ್ರಿಗೂ ಲೆಕ್ಕ ಬದಲಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ವಿಷಯ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಪತ್ರಿಕೆಗೆ ಹಾಕೋಕೆ ಆಗಲ್ಲ.

ಮೊದಲ ತಕರಾರು ಹೊತ್ತಿನದು. 'ಬೆಳಗ್ಗೆ ಹತ್ತಕ್ಕೆ ಚುರುಕಾಗಿರಬೇಕಾದ ಇಲಿ ಮಂಕಾಗಿತ್ತು' ಎಂದು ಬರೆದಿದ್ದೀರಿ. ಇಲಿ ರಾತ್ರಿ ಓಡಾಡೋ ಪ್ರಾಣಿ, ಅಲ್ವಾ? ಲ್ಯಾಬಿನಲ್ಲಿ ಸಾಮಾನ್ಯವಾಗಿ 12 ಗಂಟೆ ದೀಪ, 12 ಗಂಟೆ ಕತ್ತಲು. ದೀಪ ಹತ್ತಿದ ಮೇಲೆ ಅದು ಮಲಗುತ್ತದೆ. ಗೋಡೆ ಗಡಿಯಾರ ಬಿಡಿ, ದೀಪ ಹತ್ತಿ ಎಷ್ಟು ಹೊತ್ತಾಗಿತ್ತು ಅಂತ ಬರೆಯಿರಿ. ಕೆಲವರು ದೀಪದ ಹೊತ್ತನ್ನೇ ತಿರುಗಿಸಿಟ್ಟು, ಮಂದ ಕೆಂಪು ಬೆಳಕಿನಲ್ಲಿ ಹಗಲೇ ಪ್ರಯೋಗ ಮಾಡುತ್ತಾರೆ. ಕೆಂಪು ಬೆಳಕು ಇಲಿಗೆ ಅಷ್ಟಾಗಿ ಕಾಣಲ್ಲ. ಓದುಗರಿಗೆ ಖುಷಿ ಕೊಡೋದೇ ಇಂಥ ವಿವರ, ನೀವು ಅದನ್ನೇ ಬಿಟ್ಟಿದ್ದೀರಿ.

ರಾತ್ರಿ ಇಲಿ ಡ್ರಗ್ ಇಲ್ಲದೆಯೂ ಓಡುತ್ತದೆ. ಡ್ರಗ್ ಬದಲು ಸುಮ್ನೆ ಸಲೈನ್ (ಉಪ್ಪುನೀರು) ಚುಚ್ಚಿದ ಇಲಿ ಎಷ್ಟು ಓಡಿತು ಅಂತ ಹೇಳದೆ 'ರಾತ್ರಿ ಪರಿಣಾಮ ಜೋರು' ಅಂದ್ರೆ ಯಾರು ಒಪ್ಪುತ್ತಾರೆ?

ಪಂಜರದ ಪ್ಯಾರಾ ಇಡೀ ಬರಹದಲ್ಲೇ ಚೆನ್ನಾಗಿದೆ. ಇಲಿ ಇನ್‌ಫ್ರಾರೆಡ್ ಕಿರಣ ದಾಟಿದಾಗಲೆಲ್ಲ ಯಂತ್ರ ಒಂದೊಂದು ಎಣಿಸುತ್ತದೆ, ಸರಿ. ಆದರೆ ಆಂಫೆಟಮೈನ್ ಡೋಸ್ ಏರಿದರೆ ಇಲಿ ಓಡೋದು ಬಿಟ್ಟು ನಿಂತಲ್ಲೇ ತಲೆ ಆಡಿಸುತ್ತದೆ, ಮೂಸಿದ್ದನ್ನೇ ಮೂಸುತ್ತದೆ, ಸರಳು ನೆಕ್ಕುತ್ತದೆ. ಎಣಿಕೆ ಇಳಿಯುತ್ತದೆ. ಅದನ್ನು ನೋಡಿ 'ಡ್ರಗ್ ಹತ್ತಲಿಲ್ಲ' ಅಂದುಬಿಟ್ಟಿದ್ದೀರಲ್ಲ! ಅದು ಪೂರ್ತಿ ತಲೆಗೇರಿ ಕೂತಿದೆ.

'ಹೆಣ್ಣಿನ ಹಾರ್ಮೋನು ಚಂಚಲ, ಅದಕ್ಕೇ ಗಂಡಿಲಿ ಬಳಸುತ್ತಾರೆ' ಅನ್ನೋದು ಹಳೇ ಕಂತೆ. ಹೆಣ್ಣಿಲಿಯ ಹಾರ್ಮೋನು ಚಕ್ರ ನಾಲ್ಕೈದು ದಿನದ್ದು, ಅದರ ಜೊತೆ ಡ್ರಗ್ ಪರಿಣಾಮವೂ ಏರಿಳಿಯುತ್ತದೆ, ನಿಜ. ಅಂಡಾಶಯ ತೆಗೆದರೆ ತಗ್ಗುತ್ತದೆ, ಎಸ್ಟ್ರಾಡಿಯಾಲ್ ಎಂಬ ಹೆಣ್ಣು ಹಾರ್ಮೋನು ಕೊಟ್ಟರೆ ಮತ್ತೆ ಏರುತ್ತದೆ. ಆದರೆ 2014ರಲ್ಲಿ ಪ್ರೆಂಡರ್‌ಗಾಸ್ಟ್ ಎಂಬ ಸಂಶೋಧಕರ ತಂಡ 293 ಪ್ರಬಂಧಗಳನ್ನು ಜಾಲಾಡಿತು. ಹೆಣ್ಣು ಸುಂಡಿಲಿಗಳ ಅಳತೆಗಳಲ್ಲಿ ಗಂಡಿಗಿಂತ ಜಾಸ್ತಿ ಏರುಪೇರು ಕಾಣಲಿಲ್ಲ.

ಕೊನೆಯ ಪುಟ ಪೂರ್ತಿ ಕತ್ತರಿಸಿ. ಇಲಿಯಿಂದ ಒಂದೇ ನೆಗೆತಕ್ಕೆ 'ಹೆಣ್ಣುಮಕ್ಕಳು ಚಟಕ್ಕೆ ಬೇಗ ಬೀಳ್ತಾರೆ' ಅಂತ ಬುದ್ಧಿ ಹೇಳೋಕೆ ಹೋಗಿದ್ದೀರಿ. ಓಡಾಟದ ಎಣಿಕೆಯಿಂದ ಚಟದ ಮಾತು ಹುಟ್ಟಲ್ಲ. ಆ ಜಾಗದಲ್ಲಿ ದೇಹದ ಗಡಿಯಾರದ ಜೀನ್‌ಗಳ ಬಗ್ಗೆ ಬರೆಯಿರಿ. 2002ರ ಒಂದು ಪ್ರಯೋಗದಲ್ಲಿ ಪರ್1 ಎಂಬ ಗಡಿಯಾರದ ಜೀನ್ ಕೆಟ್ಟುಹೋದ ಸುಂಡಿಲಿಗಳಿಗೆ ಮತ್ತೆ ಮತ್ತೆ ಕೊಕೇನ್ ಕೊಟ್ಟರೂ ಓಡಾಟ ಏರುತ್ತಾ ಹೋಗಲಿಲ್ಲ. ಪರ್2 ಜೀನ್ ಕೆಟ್ಟುಹೋದವುಗಳಲ್ಲಿ ಅತಿಯಾಗಿ ಏರಿತು.

ತಿದ್ದಿ ಕಳಿಸಿ. ಸಲೈನ್ ಲೆಕ್ಕ ಮರೀಬೇಡಿ.