ಶೇ. 8 ಬಂದರೂ ನಕಲೇ?

ಪ್ರಶ್ನೆ: ಚಿತ್ರದುರ್ಗ ಸೀಮೆಯ ಕೆರೆ ನೀರಾವರಿ ಕುರಿತು ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದೇನೆ. ನಕಲು ಪತ್ತೆ ತಂತ್ರಾಂಶದ ತಪಾಸಣೆಯಲ್ಲಿ ಬೇರೆ ಬರಹಗಳ ಜೊತೆ ಹೋಲಿಕೆ ಬಂದದ್ದು ಬರೀ ಶೇ. 8. ಆದರೂ ಗೈಡ್ ಎರಡನೇ ಅಧ್ಯಾಯವನ್ನು ನಕಲೆಂದು ವಾಪಸ್ ಕೊಟ್ಟಿದ್ದಾರೆ. ಇನ್ನೊಂದು, ಬೇರೆಯವರ ಪುಸ್ತಕದಲ್ಲಿ ಓದಿದ ಶಾಸನಗಳಿಗೆ ಮೂಲ ಸಂಪುಟವನ್ನೇ ಅಡಿಟಿಪ್ಪಣಿಯಲ್ಲಿ ಕೊಡಬಹುದೆ?
– ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆ ಇಲ್ಲ, ನಿಜ. 10 ದಾಟಿ 40ರವರೆಗಾದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಆದರೆ ತಂತ್ರಾಂಶ ತಾಳೆ ನೋಡುವುದು ತನ್ನ ಸಂಗ್ರಹದಲ್ಲಿರುವ ಪಠ್ಯದ ಜೊತೆ ಮಾತ್ರ. ಅಚ್ಚಾದ ಕನ್ನಡ ಪುಸ್ತಕಗಳು ಎಷ್ಟೋ ಅದರಲ್ಲಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಮಾಡಿಸಿದ್ದರಂತೂ ಅದಕ್ಕೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಾಗಿದ್ದಲ್ಲಿ ಯೂನಿಕೋಡಿಗೆ ಪರಿವರ್ತಿಸಿ ಮತ್ತೆ ತಪಾಸಣೆ ಮಾಡಿಸಿ. ಅಂಕಿ ಏರಿದರೂ ಆಶ್ಚರ್ಯವಿಲ್ಲ.

ಗೈಡ್ ಹಿಡಿದಿರುವುದು ಬಹುಶಃ ಇಂಥದನ್ನು. ಲೇಖಕರೊಬ್ಬರು ಹೀಗೆ ಬರೆದಿದ್ದಾರೆ ಎನ್ನಿ: ‘ನಾಲೆ ಬಂದ ಮೇಲೆ ರಾಗಿ ಹೊಲಗಳು ತೋಟಗಳಾದವು, ಕೆರೆ ಹೂಳೆತ್ತುವ ವಾಡಿಕೆ ತಪ್ಪಿತು.’ ಅದನ್ನು ನೀವು ‘ಕಾಲುವೆ ಬಂದ ನಂತರ ರಾಗಿ ಹೊಲಗಳು ತೋಟಗಳಾಗಿ ಮಾರ್ಪಟ್ಟವು, ಕೆರೆಯ ಹೂಳು ತೆಗೆಯುವ ಪದ್ಧತಿ ನಿಂತಿತು’ ಎಂದರೆ ನಾಲ್ಕಾರು ಪದ ಬದಲಾದವಷ್ಟೆ. ವಾಕ್ಯದ ಕಟ್ಟು, ವಾದದ ಕ್ರಮ ಅವರದೇ. ಪುಸ್ತಕ ಮುಚ್ಚಿಟ್ಟು ನಿಮಗೆ ತಿಳಿದಷ್ಟನ್ನು ಬರೆಯಿರಿ, ಆಮೇಲೆ ತೆರೆದು ತಾಳೆ ನೋಡಿ. ಆಗಲೂ ಪುಟಸಂಖ್ಯೆ ಸಮೇತ ಅಡಿಟಿಪ್ಪಣಿ ಬೇಕು, ವಿಚಾರ ಅವರದಲ್ಲವೆ? ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಮುಗಿಯಿತು ಎನ್ನಲು ಆಕರ ಬೇಡ; ಅದರಿಂದ ಹೂಳೆತ್ತುವುದು ನಿಂತಿತು ಎನ್ನಲು ಬೇಕೇ ಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಮಾತಿಗೂ ಇದೇ ನಿಯಮ.

ಶಾಸನದ ವಿಷಯ: ನೀವೇ ನೋಡದ ಸಂಪುಟವನ್ನು ಆಕರವೆಂದು ಕೊಡಬೇಡಿ. ನೀವು ಓದಿದ ಪುಸ್ತಕದ ಲೇಖಕರು ಶಾಸನ ಸಂಖ್ಯೆಯನ್ನು ತಪ್ಪಾಗಿ ಕೊಟ್ಟಿದ್ದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವವರು ನೀವು. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ತಾಲೂಕಿನ ಶಾಸನಗಳೂ ಅದರಲ್ಲೇ ಇವೆ. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ ತಾನೆ. ಪರಿಷ್ಕೃತ ಆವೃತ್ತಿಯ ಸಂಪುಟ ಸಂಖ್ಯೆಗಳೇ ಬೇರೆ. ಹಾಗಾಗಿ ಆವೃತ್ತಿ, ಸಂಪುಟ, ತಾಲೂಕು, ಶಾಸನ ಸಂಖ್ಯೆ ನಾಲ್ಕನ್ನೂ ಬರೆಯಿರಿ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವಿನಲ್ಲಿ ಸಿಗುತ್ತದೆ. ಸಂಪುಟ ನೋಡಲು ಆಗದಿದ್ದರೆ ನೀವು ಓದಿದ ಪುಸ್ತಕವನ್ನೇ ಹೆಸರಿಸಿ, ‘ಇದರಲ್ಲಿ ಉಲ್ಲೇಖಿತ’ ಎಂದು ಸೇರಿಸಿ.

ಜೆರಾಕ್ಸ್ ಮಾಡಿಸುವಾಗ ಬೇಕಾದ ಪುಟಗಳ ಜೊತೆ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ಮಾಡಿಸಿಕೊಳ್ಳಿ. ಪ್ರಕಾಶಕರು, ಮುದ್ರಣದ ವರ್ಷ ಇರುವುದು ಅಲ್ಲೇ.